ಬೀಜದ ಟಗರಿನ ಮೇವು

ಕುರಿಯನ್ನು ಕಣ್ಣಿನಿಂದ ಕೊಳ್ಳುವವನು ಮೊದಲ ವರ್ಷದಲ್ಲೇ ಮುಳುಗುತ್ತಾನೆ. ಉಣ್ಣೆ ಎಲ್ಲವನ್ನೂ ಮುಚ್ಚಿಡುತ್ತದೆ. ಕೊಳ್ಳಬೇಕಾದದ್ದು ಕೈಯಿಂದ. ಕಡೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೇಲೆ ಅಂಗೈ ಇಟ್ಟು ಬೆರಳು ಒತ್ತಬೇಕು. ಬೆನ್ನೆಲುಬು ಗರಗಸದ ಹಲ್ಲಿನಂತೆ ಚುಚ್ಚಿದರೆ ಅದು ಹಸಿದ ಕುರಿ. ಎಲುಬೇ ಸಿಗದೆ ಬೆರಳು ಮೆತ್ತಗೆ ಇಳಿದುಹೋದರೆ ಒಳಗಿರುವುದು ಚರ್ಬಿ. ಒತ್ತಿದ ಬೆರಳನ್ನು ಗಟ್ಟಿಯಾಗಿ ಹಿಂದಕ್ಕೆ ತಳ್ಳಿದರೆ ಮಾತ್ರ ಖಂಡ. ಅಮೀನಗಡದ ಸಂತೆಯಲ್ಲಿ ಇಪ್ಪತ್ತೈದು ವರ್ಷದಿಂದ ಸಾವಿರಾರು ಬೆನ್ನುಗಳ ಮೇಲೆ ಕೈ ಇಟ್ಟಿದ್ದೇನೆ. ಬೇರೆಯವರ ಕುರಿ ಹೊಡೆದುಕೊಂಡು ಬರುವ ಕೆಲಸದಿಂದ ಶುರು ಮಾಡಿ ಸ್ವಂತ ವ್ಯಾಪಾರ ಕಟ್ಟಿದ್ದು ಈ ಕೈಯಿಂದಲೇ. ಆದರೆ ಆ ಕೈಯನ್ನು ನನ್ನ ಸ್ವಂತ ಸೊಂಟದ ಮೇಲೆ ಒಮ್ಮೆಯೂ ಇಟ್ಟು ನೋಡಿರಲಿಲ್ಲ.

ಇನ್ನೊಂದು ಸಂಗತಿಯನ್ನೂ ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ನಮ್ಮ ವ್ಯಾಪಾರದಲ್ಲಿ ಬಾಯಿಯ ಮಾತಿಗೆ ಬೆಲೆ ಕಡಿಮೆ. ಮುದಿ ಕುರಿಯನ್ನು ಮೊದಲ ಸೂಲಿನದು ಅನ್ನುತ್ತೇವೆ, ಕುಂಟುವ ಕುರಿಗೆ ಮುಳ್ಳು ಚುಚ್ಚಿದೆ ಅನ್ನುತ್ತೇವೆ. ಎದುರಿನವನೂ ನಂಬಿದಂತೆ ತಲೆ ಆಡಿಸುತ್ತಾನೆ. ನಿಜವಾದ ಮಾತು ನಡೆಯುವುದು ಟವೆಲ್ಲಿನ ಕೆಳಗೆ. ಇಬ್ಬರ ಬಲಗೈ ಸೇರಿಸಿ ಮೇಲೆ ಟವೆಲ್ ಹೊದಿಸಿ, ಬೆರಳು ಹಿಡಿದು, ಒತ್ತಿ, ಬಿಟ್ಟು ಲೆಕ್ಕ ಹೇಳುವುದು. ಸುತ್ತ ನಿಂತವರಿಗೆ ಏನೂ ಕಾಣುವುದಿಲ್ಲ, ಸಾಕ್ಷಿ ಯಾರೂ ಇಲ್ಲ. ಅದಕ್ಕೇ ಅಲ್ಲಿ ಸುಳ್ಳು ನಡೆಯುವುದಿಲ್ಲ. ಟವೆಲ್ಲಿನ ಕೆಳಗೆ ಮಾತು ತಪ್ಪಿದವನ ಕೈಯನ್ನು ಸಂತೆಯಲ್ಲಿ ಮತ್ತೆ ಯಾರೂ ಹಿಡಿಯುವುದಿಲ್ಲ. ನಮ್ಮಪ್ಪ ಹೀಗೆ ವ್ಯಾಪಾರ ಮಾಡುವುದನ್ನು ನೋಡಿ, ಚಿಕ್ಕವರಿದ್ದಾಗ ನಾನೂ ನಮ್ಮಕ್ಕನೂ ಕಂಬಳಿಯ ತುದಿಯ ಕೆಳಗೆ ಕೈ ಹಾಕಿ ಬೋರೆಹಣ್ಣಿನ ವ್ಯಾಪಾರ ಆಡುತ್ತಿದ್ದೆವು. ಪ್ರತಿ ಸಲವೂ ಅವಳೇ ಗೆಲ್ಲುತ್ತಿದ್ದಳು.

ಆ ಅಕ್ಕನನ್ನು ಶಿರೂರಿಗೆ ಕೊಟ್ಟಿದೆ. ಅಪ್ಪ ಅವ್ವ ಕುರಿಯ ಹಿಂದೆ ತಿಂಗಳುಗಟ್ಟಲೆ ಊರೂರು ತಿರುಗುವಾಗ ನನಗೆ ರೊಟ್ಟಿ ಬಡಿದು ಹಾಕಿ, ಸಾಲಿಗೆ ಕಳಿಸಿ, ಹೋಗದಿದ್ದರೆ ಬೆನ್ನಿಗೆ ಎರಡು ಬಾರಿಸಿ ಬೆಳೆಸಿದವಳು. ನನಗಿಂತ ಆರೇ ವರ್ಷ ದೊಡ್ಡವಳು. ಅವಳಿಗೆ ಐವತ್ತೊಂದು ಆದಾಗ ಹೊಟ್ಟೆಯಲ್ಲಿ ನೀರು ತುಂಬಿತು, ಕಾಲು ಬಾತವು, ಕಣ್ಣು ಅರಿಸಿನವಾದವು. ಯಾವತ್ತೋ ಬಂದುಹೋದ ಕಾಮಣಿ, ಅಂದರೆ ಕಾಮಾಲೆ, ಒಳಗೇ ಉಳಿದು ವರ್ಷಗಟ್ಟಲೆ ಕೆಲಸ ಮಾಡಿತ್ತಂತೆ. ಬಾಗಲಕೋಟೆಯ ಡಾಕ್ಟರು ಸುತ್ತು ಬಳಸಲಿಲ್ಲ. ಅವಳ ಲಿವರ್ ಮುಗಿದಿದೆ, ಹತ್ತಿರದವರು ಯಾರಾದರೂ ತಮ್ಮ ಲಿವರಿನ ತುಂಡು ಕೊಟ್ಟರೆ ಬದುಕು, ಅದೂ ಬೇಗ ಆಗಬೇಕು ಅಂದರು. ಭಾವ ಇಲ್ಲ. ಇರುವ ಒಬ್ಬ ಮಗನ ರಕ್ತದ ಗುಂಪು ಹೊಂದಲಿಲ್ಲ. ನನ್ನದು ಹೊಂದಿತು.

ನಾನು ವ್ಯಾಪಾರಿ. ಏನನ್ನು ಕೊಡುತ್ತಿದ್ದೇನೆ ಎಂದು ತಿಳಿಯದೆ ಯಾವುದನ್ನೂ ಕೊಟ್ಟವನಲ್ಲ. ತುಂಡು ತೆಗೆದ ಮೇಲೆ ನನಗೆ ಉಳಿಯುವುದೆಷ್ಟು ಎಂದು ಕೇಳಿದೆ. ಅರ್ಧಕ್ಕಿಂತ ಹೆಚ್ಚೇ ತೆಗೆಯಬೇಕಾಗಬಹುದು, ಆದರೆ ಉಳಿದದ್ದು ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ ಅಂದರು. ಅಕ್ಕನಲ್ಲಿ ಹಾಕಿದ ತುಂಡೂ ಅಲ್ಲಿಯೇ ಬೆಳೆಯುತ್ತದಂತೆ. ನಾನು ಮೂರು ಸಲ ಕೇಳಿದೆ. ಮೂರು ಸಲವೂ ಅದನ್ನೇ ಹೇಳಿದರು. ಸಾವಿರಾರು ಕುರಿಯ ಕಲೀಜಿ ಕೈಯಲ್ಲಿ ಹಿಡಿದು ನೋಡಿದವನು ನಾನು. ಮೆತ್ತಗೆ, ಜಾರುತ್ತ, ಕೆಂಪು ಮಣ್ಣಿನ ಮುದ್ದೆಯಂತೆ ಕೂತಿರುವ ಆ ವಸ್ತುವಿಗೆ ತಾನು ಎಷ್ಟಿದ್ದೆ ಎಂಬ ನೆನಪು ಇರುತ್ತದೆಂದು ಯಾರು ಊಹಿಸಬೇಕು. ಗುರುತಿಗೆಂದು ಕುರಿಯ ಕಿವಿಯನ್ನು ಒಂದಿಷ್ಟು ಕತ್ತರಿಸಿದರೆ ಸಾಯುವ ತನಕ ಆ ಕಿವಿ ಹಾಗೇ ಇರುತ್ತದೆ. ಇದು ಮಾತ್ರ ತನ್ನ ಅಳತೆಗೆ ತಾನೇ ವಾಪಸು ಬರುತ್ತದೆ. ಆವತ್ತು ದವಾಖಾನೆಯ ಮೆಟ್ಟಿಲು ಇಳಿಯುವಾಗ ನನ್ನ ಬಲಪಕ್ಕೆಯ ಮೇಲೆ ಕೈ ಇಟ್ಟುಕೊಂಡೇ ಇಳಿದೆ.

ಆದರೆ ಸ್ಕ್ಯಾನಿನಲ್ಲಿ ನನ್ನ ಲಿವರ್ ಬೆಳ್ಳಗೆ ಹೊಳೆಯಿತು. ಅದು ಚರ್ಬಿ. ಇಷ್ಟು ಚರ್ಬಿ ತುಂಬಿದ ಲಿವರನ್ನು ತೆಗೆದರೆ ನಿಮಗೂ ಅಪಾಯ, ಅವರಿಗೂ ಅಪಾಯ, ಎರಡು ತಿಂಗಳಲ್ಲಿ ಕರಗಿಸಿ ಬನ್ನಿ, ಇಲ್ಲದಿದ್ದರೆ ಆಗುವುದಿಲ್ಲ ಅಂದರು. ಕುಡಿತ ನನಗಿಲ್ಲ. ಇರುವುದು ಹೊಟ್ಟೆ. ಸಂತೆಯಿಂದ ಸಂತೆಗೆ ಗಾಡಿಯಲ್ಲಿ ಕೂತು ತಿರುಗಿ, ಚಹಾದ ಜೊತೆ ಭಜಿ ತಿಂದು, ಇಳಕಲ್ಲಿನ ಖಾನಾವಳಿಯಲ್ಲಿ ಎಂಟು ರೊಟ್ಟಿಗೆ ಲೆಕ್ಕವಿಲ್ಲದೆ ಶೇಂಗಾ ಹಿಂಡಿ, ಎಣ್ಣೆ ಹಾಕಿಸಿಕೊಂಡು ಬೆಳೆಸಿದ ಹೊಟ್ಟೆ.

ಊಟದ ವಿಷಯ ಹೇಳಲು ದವಾಖಾನೆಯಲ್ಲಿ ಒಬ್ಬ ಹುಡುಗಿ ಇದ್ದರು. ಎಲ್ಲರೂ ಡಯೆಟ್ ಮೇಡಂ ಅನ್ನುತ್ತಿದ್ದರು. ಬಾದಾಮಿಯ ಮಾಸ್ತರರ ಮಗಳು, ಮನೆತನವೆಲ್ಲ ಓದಿದವರದು. ತತ್ತಿಯನ್ನು ಮುಟ್ಟಿಯೂ ನೋಡದ ಆಕೆ ತತ್ತಿಯ ಬಿಳಿ ಭಾಗದಲ್ಲಿ ಏನಿದೆ, ಹಳದಿಯಲ್ಲಿ ಏನಿದೆ, ಕೋಳಿಯ ಎದೆಗೂ ತೊಡೆಗೂ ಏನು ವ್ಯತ್ಯಾಸ ಎಂದು ನನಗೆ ಹೇಳಿಕೊಟ್ಟರು. ಚರ್ಮ ತೆಗೆದ ಕೋಳಿ ತಿನ್ನಬೇಕು, ಕುರಿಮಾಂಸವಾದರೆ ಚರ್ಬಿ ಬಿಡಿಸಿ ತಿನ್ನಬೇಕು, ಎಲ್ಲಕ್ಕಿಂತ ಬಾಗಲಕೋಟೆಯ ಹಿನ್ನೀರಿನ ಮೀನು ಚಲೋ, ಕರಿಯಬಾರದು ಅಷ್ಟೇ. ನಾನು ಬಾಯಿ ತೆರೆದುಕೊಂಡು ಕೇಳಿಸಿಕೊಂಡೆ. ಇಪ್ಪತ್ತೈದು ವರ್ಷ ಮಾಂಸದ ವ್ಯಾಪಾರದ ಅಂಚಿನಲ್ಲಿದ್ದ ನನಗೆ ಗೊತ್ತಿರದ ಮಾಂಸದ ಗುಟ್ಟು ಮಾಂಸದ ಅಂಗಡಿಯ ಮುಂದೆ ಮೂಗು ಮುಚ್ಚಿ ಹೋಗುವ ಹುಡುಗಿಗೆ ಗೊತ್ತಿತ್ತು.

ಪ್ರೋಟೀನ್ ತಿಂದರೆ ಚರ್ಬಿ ಕರಗುತ್ತದೇನು ಎಂದು ಕೇಳಿದೆ.

"ಹಂಗಿಲ್ರಿ ಅಣ್ಣಾರ," ಅಂದರು. "ಒಟ್ಟು ಊಟ ಕಡಿಮಿ ಆದ್ರ ಚರ್ಬಿ ಕರಗ್ತದ. ಆದ್ರ ಬರೇ ಉಪಾಸ ಬಿದ್ರ ಚರ್ಬಿ ಜೋಡಿ ನಿಮ್ಮ ಖಂಡನೂ ಕರಗ್ತದ. ಆ ಖಂಡ ಕಾಯೋದು ಪ್ರೋಟೀನು. ಮತ್ತ ಹೊಟ್ಟಿ ತುಂಬಿದಂಗೂ ಇರ್ತದ."

ಬೇಸಿಗೆಯಲ್ಲಿ ಮೇವಿಲ್ಲದ ಕುರಿ ನನ್ನ ಕಣ್ಣ ಮುಂದೆ ಬಂತು. ಹೌದು, ಅದರ ಚರ್ಬಿಯೊಂದೇ ಹೋಗುವುದಿಲ್ಲ, ಬೆನ್ನಿನ ಮೇಲಿನ ಖಂಡವೂ ಹೋಗಿ ಗರಗಸ ಎದ್ದು ನಿಲ್ಲುತ್ತದೆ. ನನ್ನ ಬೆರಳಿಗೆ ಗೊತ್ತಿದ್ದದ್ದನ್ನು ಆಕೆ ಪುಸ್ತಕದಿಂದ ಓದಿ ಹೇಳಿದ್ದರು.

ರೊಟ್ಟಿಯ ವಿಷಯದಲ್ಲಿ ಮಾತ್ರ ನಾನು ಸುಮ್ಮನೆ ಬಿಡಲಿಲ್ಲ. ಹೊತ್ತಿಗೆ ಎರಡು ಅಂದರು. ನಾನು ಆರು ಅಂದೆ. ಮೂರಕ್ಕೆ ಬಂದರು. ನಾಲ್ಕು ತೆಳ್ಳಗಿನವು ಅಂದೆ. ತಕ್ಕಡಿ ತರಿಸಿ ತೂಗಿ ಕೊಡಲೇನು ಎಂದು ಕೇಳಿದಾಗ ಈಕೆ ಗಟ್ಟಿ ಗಿರಾಕಿ ಎಂದು ತಿಳಿದು ಎರಡಕ್ಕೆ ಒಪ್ಪಿದೆ. ಬದಲಿಗೆ ಪಲ್ಯ ಎಷ್ಟಾದರೂ, ಮಜ್ಜಿಗೆ ಎಷ್ಟಾದರೂ, ಪ್ರತಿ ಊಟದಲ್ಲೂ ಒಂದು ಬಟ್ಟಲು ಕಾಳು ಇಲ್ಲವೇ ತತ್ತಿ ಇಲ್ಲವೇ ಮೀನು, ದಿನಾ ಒಂದು ತಾಸಿಗೆ ಕಡಿಮೆ ಇಲ್ಲದ ನಡಿಗೆ. ಸಕ್ಕರೆ, ಬೆಲ್ಲ, ಕರಿದದ್ದು ಬಂದ್. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟೆ. ಅಕ್ಕನಿಗೆ ಉಪ್ಪು ಕಡಿಮೆ ಮಾಡಿದ ಬೇರೆ ಚೀಟಿ. ಅದನ್ನು ಬರೆದದ್ದೂ ಈ ಮೇಡಮ್ಮರೇ.

ಆಮೇಲಿನ ತಿಂಗಳು ನಾನು ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. ನಮ್ಮ ಕಡೆ ಯಾರದಾದರೂ ಆಪರೇಷನ್ ಇದೆ ಎಂದರೆ ಮೊದಲು ಅವರನ್ನು ತಿನ್ನಿಸಿ ಗಟ್ಟಿ ಮಾಡುತ್ತೇವೆ. ಗಟ್ಟಿ ಮಾಡುವುದೆಂದರೆ ತುಪ್ಪ, ಅಂಟು, ಬೆಲ್ಲ. ಎಂಟು ದಿನಕ್ಕೊಮ್ಮೆ ಶಿರೂರಿನಿಂದ ಹುನಗುಂದದ ಬಸ್ಸಿನಲ್ಲಿ ನನ್ನ ಮನೆಗೆ ಅಕ್ಕನ ಡಬ್ಬಿ ಬರತೊಡಗಿತು. ಒಂದರಲ್ಲಿ ಶೇಂಗಾ ಹೋಳಿಗೆ. ಒಂದರಲ್ಲಿ ಅಮೀನಗಡದಿಂದ ಮಗನ ಕೈಯಲ್ಲಿ ತರಿಸಿದ ಕರದಂಟು, ಗೋಡಂಬಿ ಬದಾಮಿ ಎದ್ದು ಕಾಣುವ ಚಲೋ ಜಾತಿಯದು. ಜೊತೆಗೆ ಫೋನು. ಬದಾಮಿಯಲ್ಲಿ ಪ್ರೋಟೀನ್ ಇದೆಯಂತೆ, ಶೇಂಗಾದಲ್ಲಿ ಪ್ರೋಟೀನ್ ಇದೆಯಂತೆ, ಮೇಡಂ ಹೇಳಿದ್ದಾರೆ, ತಿನ್ನು, ಶಕ್ತಿ ಬೇಕು ಎಂದು ಹೇಳುತ್ತಿದ್ದಳು. ಬಾತ ಕಾಲಿನಲ್ಲಿ ಒಲೆಯ ಮುಂದೆ ಕೂತು ಮಾಡಿದ ಹೋಳಿಗೆಯನ್ನು ಒಲ್ಲೆ ಎನ್ನುವುದು ಹೇಗೆ. ಎರಡು ರೊಟ್ಟಿಯ ಕರಾರನ್ನು ಮುರಿಯಲಿಲ್ಲ. ರೊಟ್ಟಿ ಎರಡೇ. ಹೋಳಿಗೆಯನ್ನು ರೊಟ್ಟಿಯ ಲೆಕ್ಕಕ್ಕೆ ಹಿಡಿಯಲಿಲ್ಲ ಅಷ್ಟೇ.

ನನ್ನ ಹೆಂಡತಿ ಹೆಚ್ಚು ಮಾತಿನವಳಲ್ಲ, ಬೀರಪ್ಪನ ಗುಡಿಯ ಹಿಂದಿನ ಮನೆಯವಳು, ಅವಳ ತವರೂ ಕುರಿಯವರೇ. ಮೂರನೆಯ ಡಬ್ಬಿ ಬಂದ ದಿನ ಕರದಂಟಿನ ತುಂಡನ್ನು ನಾನು ಬಾಯಿಗೆ ಹಾಕುವಾಗ ಹಿತ್ತಲಿನ ಕಡೆ ನೋಡುತ್ತ ಹೇಳಿದಳು, "ಮಾರೋ ಕುರಿಗಿ ಏನ್ ಹಾಕ್ತೀರಿ ನೀವು?"

ಗೋವಿನಜೋಳ ಅಂದೆ. ಸಂತೆಗೆ ಹದಿನೈದು ದಿನ ಮೊದಲು ಜೋಳ, ಬೆಲ್ಲದ ನೀರು. ಬೆನ್ನು ದುಂಡಗಾಗುತ್ತದೆ.

"ಬೀಜದ ಟಗರಿಗಿ?"

ಹುರುಳಿ. ನೆನೆಸಿದ ಹುರುಳಿ, ಮಡಿಕೆ ಕಾಳಿನ ಹೊಟ್ಟು, ಹೊಲದಲ್ಲಿ ದಿನಪೂರ್ತಿ ಓಡಾಟ. ಚರ್ಬಿ ಬಂದ ಟಗರು ಕೆಲಸಕ್ಕೆ ಬರುವುದಿಲ್ಲ, ಹಿಂಡಿನ ಹಿಂದೆ ಏದುಸಿರು ಬಿಡುತ್ತದೆ. ಇದು ಕುರುಬರ ಕೂಸಿಗೂ ಗೊತ್ತು.

"ಹಂಗಾರ ನಿಮ್ಮನ್ನ ಯಾರೋ ಸಂತಿಗೆ ತಯಾರ ಮಾಡಾಕ ಹತ್ಯಾರ," ಎಂದು ಒಳಗೆ ಹೋದಳು.

ನಾನು ನಕ್ಕುಬಿಟ್ಟೆ. ನಗಬಾರದಿತ್ತು.

ತಿಂಗಳ ತೂಕಕ್ಕೆ ಬಾಗಲಕೋಟೆಗೆ ಹೋದಾಗ ಕಾಟಾದ ಮುಳ್ಳು ಮೊದಲಿಗಿಂತ ಮೇಲಕ್ಕೇ ನಿಂತಿತು. ಸ್ಕ್ಯಾನ್ ಮಾಡಿದವರು ಚೀಟಿ ಕೊಟ್ಟರು. ಲಿವರ್ ಮೊದಲಿನಷ್ಟೇ ಬೆಳ್ಳಗಿತ್ತು. ಮೇಡಂ ಚೀಟಿ ನೋಡಿ, ನನ್ನ ಮುಖ ನೋಡಿ, ಏನೇನು ತಿಂದಿರಿ, ಖರೆ ಹೇಳಿರಿ ಅಂದರು. ಹೇಳಿದೆ. ಡಬ್ಬಿಯ ವಿಷಯ ಬಂದಾಗ ಅವರ ಪೆನ್ನು ನಿಂತಿತು.

"ಶೇಂಗಾದಾಗ ಪ್ರೋಟೀನ್ ಅದ ಖರೆ. ಎಣ್ಣಿ ಅದಕ್ಕಿಂತ ಹೆಚ್ಚದ," ಅಂದರು. "ಆದ್ರ ಇದನ್ನೆಲ್ಲಾ ನಿಮ್ಮ ಅಕ್ಕಾರಿಗೆ ನಾನೇ ಹೇಳೇನಲ್ರಿ. ಅವರು ಫೋನ್ ಮಾಡಿ ಕೇಳಿದ್ರು, ತಮ್ಮನ ಲಿವರಿಗೆ ಚರ್ಬಿ ಏರಿಸೋ ಪದಾರ್ಥ ಯಾವ್ಯಾವು ಅಂತ. ಒಂದೊಂದಾಗಿ ಬರಕೊಂಡ್ರು. ನಿಮಗ ತಿನ್ನಗೊಡಬಾರದು ಅಂತ ಕೇಳಲಿಕ್ಕೆ ಹತ್ಯಾರಂತ ನಾ ತಿಳಕೊಂಡೆ."

ಅಕ್ಕ ಬರೆದುಕೊಂಡಿದ್ದಳು. ಬರೆದುಕೊಂಡು, ಆ ಪಟ್ಟಿಯ ಪ್ರಕಾರವೇ ಡಬ್ಬಿ ತುಂಬಿ ಕಳಿಸಿದ್ದಳು. ನನ್ನ ಲಿವರ್ ಪಾಸಾಗಬಾರದು, ಡಾಕ್ಟರೇ ಬೇಡ ಅನ್ನಬೇಕು, ತಮ್ಮನ ಮೈಗೆ ಚಾಕು ಬೀಳಬಾರದು. ಬಾಯಿ ಬಿಟ್ಟು ಬೇಡ ಅಂದರೆ ನಾನು ಕೇಳುವವನಲ್ಲ ಎಂದು ಅವಳಿಗೆ ಗೊತ್ತು. ಅದಕ್ಕೆ ಹೋಳಿಗೆ ಮಾಡಿದಳು. ಸಂತೆಯಲ್ಲಿ ನನ್ನನ್ನು ಏಮಾರಿಸಿದವರು ಇಲ್ಲವೆಂದೇ ತಿಳಿದಿದ್ದೆ. ಹಾಸಿಗೆ ಹಿಡಿಯಲಿದ್ದ ಹೆಣ್ಣುಮಗಳು ನಾಲ್ಕು ಡಬ್ಬಿಯಲ್ಲಿ ನನ್ನ ಇಪ್ಪತ್ತೈದು ವರ್ಷದ ಜಾಣತನವನ್ನು ಮುಚ್ಚಿ ಹಾಕಿದ್ದಳು. ತನ್ನ ಜೀವವನ್ನೇ ಒತ್ತೆ ಇಟ್ಟು ಆಡಿದ ವ್ಯಾಪಾರ ಅದು. ನನಗೆ ಸಿಟ್ಟು ಬರಲಿಲ್ಲ. ಬೆಟ್ಟದ ಎದುರು ನಿಂತಂತೆ ಆಯಿತು.

ಅಲ್ಲಿಂದ ನೆಟ್ಟಗೆ ಶಿರೂರಿಗೆ ಹೋದೆ. ಮಧ್ಯಾಹ್ನದ ಹೊತ್ತು, ಅಕ್ಕ ಪಡಸಾಲೆಯಲ್ಲಿ ಗೋಡೆಗೆ ದಿಂಬು ಕೊಟ್ಟು ಕೂತಿದ್ದಳು. ಕಾಲು ಇನ್ನೂ ಬಾತಿದ್ದವು. ಮಗ್ಗುಲಲ್ಲಿ ಮುಂದಿನ ಡಬ್ಬಿಗೆ ಹುರಿದಿಟ್ಟ ಶೇಂಗಾ ಇತ್ತು. ನಾನು ಆ ತಟ್ಟೆಯನ್ನು ದೂರ ಸರಿಸಿದೆ. ಅವಳಿಗೆ ತಿಳಿಯಿತು.

"ಆ ಹುಡುಗಿ ಹೇಳಿದಳೇನು?" ಅಂದಳು.

"ಹೇಳಿದ್ರು."

"ಇಷ್ಟು ತಡಾ ಆತಲ್ಲೋ ತಿಳಿಯಾಕ. ದೊಡ್ಡ ವ್ಯಾಪಾರಿ ಅಂತ." ಅವಳಿಗೆ ನಗುವಾಗ ಪಕ್ಕೆ ನೋಯುತ್ತಿತ್ತು, ಆದರೂ ನಕ್ಕಳು. ಆಮೇಲೆ ನಗು ನಿಲ್ಲಿಸಿ ಬೇರೆ ದನಿಯಲ್ಲಿ, ನಿನಗೆ ಎರಡು ಹೆಣ್ಣುಮಕ್ಕಳು, ನನ್ನ ಮಗ ದುಡಿಯಲಿಕ್ಕೆ ಹತ್ತಿದ್ದಾನೆ, ನಾನು ಕಂಡದ್ದು ಸಾಕು, ಒಳಗಿನದನ್ನು ಅರ್ಧ ಕೊಯ್ದು ಕೊಟ್ಟವನು ಆಮೇಲೆ ಕುರಿ ಎತ್ತುವುದು ಹೇಗೆ ಎಂದಳು.

ಅದು ಮತ್ತೆ ಬೆಳೆಯುತ್ತದೆ ಅಂದೆ.

"ಸುಮ್ನಿರಲೇ. ನಿನ್ನ ಬಾಯಾಗಿಂದು ಸಂತಿ ಮಾತು. ಕತ್ತರಿಸಿದ ಕಿವಿ ಎಂದರ ಬಂದೈತೇನು?"

"ಕಿವಿ ಹಂಗ ಅಲ್ಲ ಬೇ ಅಕ್ಕಾ. ಕುರಿ ಮ್ಯಾಲಿನ ಉಣ್ಣಿ ಹಂಗ, ಕತ್ತರಿಸಿದ್ರೂ ಮತ್ತ ಬರ್ತೈತಿ."

ಅವಳು ನಂಬಲಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ, ನಂಬಲಿಲ್ಲ. ನನ್ನ ಬಾಯಿಯಿಂದ ಬಂದದ್ದನ್ನು ನಂಬಬಾರದು ಎಂದು ಅವಳಿಗೆ ಕಲಿಸಿದವನು ನಾನೇ, ಇಷ್ಟು ವರ್ಷ ಅವಳ ಎದುರೇ ಕುಂಟು ಕುರಿ ಮಾರಿ ಮಾರಿ. ಆಗ ಹೆಗಲ ಮೇಲಿನ ಟವೆಲ್ ತೆಗೆದು ನಮ್ಮಿಬ್ಬರ ನಡುವೆ ಹಾಸಿ, ಅದರ ಕೆಳಗೆ ಬಲಗೈ ಇಟ್ಟೆ.

ಅವಳು ಆ ಟವೆಲನ್ನು ನೋಡಿದಳು. ನನ್ನ ಮುಖ ನೋಡಿದಳು. ಆಮೇಲೆ ಅವಳ ಕೈ ಕೆಳಗೆ ಬಂತು. ಬೆರಳು ಒಣಗಿದ್ದವು, ಬಿಸಿಯಾಗಿದ್ದವು. ಮೊದಲು ನನ್ನ ಐದು ಬೆರಳನ್ನೂ ಅವಳ ಅಂಗೈಗೆ ಕೊಟ್ಟೆ. ಇದು ಈಗ ಇರುವುದು. ಮೂರು ಬೆರಳನ್ನು ಮಡಚಿದೆ. ಇದು ನಿನಗೆ ಕೊಡುವುದು. ಉಳಿದ ಎರಡು ಅವಳ ಹಿಡಿತದಲ್ಲಿದ್ದವು. ಆಮೇಲೆ ಮಡಚಿದ್ದನ್ನು ಒಂದೊಂದಾಗಿ ತೆರೆದೆ. ಮೂರು. ನಾಲ್ಕು. ಐದು. ಐದನ್ನೂ ಅವಳ ಅಂಗೈಗೆ ಒತ್ತಿ ಹಿಡಿದೆ.

ಅವಳು ಕೈ ತೆಗೆಯಲಿಲ್ಲ. "ಖರೇನ?" ಅಂದಳು.

"ಟವೆಲ್ ಮ್ಯಾಲಿಲ್ಲ ಬೇ ನಮ್ಮ ಕೈ, ತಳಗ ಅದಾವು."

ಅವಳೂ ಅಪ್ಪನ ಮಗಳೇ, ಸುಮ್ಮನೆ ಒಪ್ಪುವವಳಲ್ಲ. ತನ್ನ ಕರಾರು ಹಾಕಿದಳು. ಉಪವಾಸ ಬಿದ್ದು ಮೈ ಕೆಡಿಸಿಕೊಳ್ಳಬಾರದು. ಇನ್ನೊಂದು ತಿಂಗಳ ಮೇಲೆ ಡಾಕ್ಟರು ಆಗುವುದಿಲ್ಲ ಅಂದರೆ ಆಗುವುದಿಲ್ಲ, ಬೇರೆ ಊರಿನ ಬೇರೆ ಡಾಕ್ಟರನ್ನು ಹುಡುಕಿಕೊಂಡು ಹೋಗಬಾರದು. ನಾನು ನನ್ನದನ್ನು ಹಾಕಿದೆ. ಡಬ್ಬಿ ಬರಲಿ, ಆದರೆ ಅದರಲ್ಲಿ ಏನಿರಬೇಕೆಂದು ನಾನು ಹೇಳುತ್ತೇನೆ. ಬೆರಳು ಒತ್ತಿದಳು. ವ್ಯಾಪಾರ ಮುಗಿಯಿತು.

ಅಂದಿನಿಂದ ಶಿರೂರಿನ ಬಸ್ಸಿನಲ್ಲಿ ಬಂದದ್ದು ಮಡಿಕೆ ಕಾಳು. ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಿಳಿ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ, ಮೊಳಕೆ ಬಂದದ್ದನ್ನು ಗಂಟಿನ ಸಮೇತ ಡಬ್ಬಿಯಲ್ಲಿಟ್ಟು ಕಳಿಸುತ್ತಿದ್ದಳು. ಗಂಟು ಬಿಚ್ಚಿದರೆ ಬಟ್ಟೆಯನ್ನೇ ಚುಚ್ಚಿಕೊಂಡು ಹೊರಬಂದ ಬಿಳಿಯ ಬಾಲಗಳು. ಚಿಕ್ಕಂದಿನಿಂದ ತಿಂದದ್ದೇ. ಬಡವರ ಮನೆಯ ಪಲ್ಯ ಎಂದು, ಕೈಯಲ್ಲಿ ನಾಲ್ಕು ಕಾಸು ಬಂದ ಮೇಲೆ ನಾನೇ ಬಿಟ್ಟದ್ದು. ಸಾಸಿವೆ ಕಾಳಿಗಿಂತ ಎರಡು ಪಟ್ಟು ದೊಡ್ಡದು ಅಷ್ಟೇ, ಮಳೆ ಕೈಕೊಟ್ಟ ಹೊಲದಲ್ಲೂ ನೆಲಕ್ಕೆ ಅಂಟಿಕೊಂಡು ಬೆಳೆಯುತ್ತದೆ. ಇಂಥ ಕಾಳಿನೊಳಗೆ ಟಗರಿನ ಹೆಗಲು ಕಟ್ಟುವ ಸಾಮಾನು, ನನ್ನ ಬೆನ್ನಿನ ಖಂಡ ಕಾಯುವ ಸಾಮಾನು ಇದೆ ಎಂದು ಮೇಡಂ ಹೇಳಿದ ಮೇಲೆ ಅದನ್ನು ಅಂಗೈಯಲ್ಲಿ ಹಾಕಿಕೊಂಡು ಬಹಳ ಸಲ ನೋಡಿದ್ದೇನೆ. ಒಳಗೆ ಏನೂ ಕಾಣುವುದಿಲ್ಲ.

ನಿಮಗೂ ಹೇಳುತ್ತೇನೆ, ಹೇಳದೆ ಇರಲು ನನಗೆ ಬರುವುದಿಲ್ಲ. ಚರ್ಬಿ ಇಳಿಸಬೇಕೆಂದರೆ ಮೊದಲು ಅಂಗಡಿಗೆ ಓಡಬೇಡಿ. ನಾನೂ ಬಾಗಲಕೋಟೆಯಲ್ಲಿ ತೋಳು ಉಬ್ಬಿಸಿದ ಚಿತ್ರವಿರುವ ಪ್ರೋಟೀನ್ ಪುಡಿಯ ಡಬ್ಬ ಹಿಡಿದು ಅಂಗಡಿಯವನ ಜೊತೆ ಅರ್ಧ ತಾಸು ಚೌಕಾಸಿ ಮಾಡಿದೆ. ಡಬ್ಬದ ಫೋಟೋ ತೆಗೆದು ಮೇಡಂಗೆ ಕಳಿಸಿದರೆ, ಲಿವರಿನ ವಿಷಯ ಇದ್ದಾಗ ಕೇಳದೆ ಯಾವ ಪುಡಿಯನ್ನೂ ತಿನ್ನಬೇಡಿ, ಅದರಿಂದ ಆಗುವ ಕೆಲಸ ನಿಮ್ಮ ಅಡುಗೆಮನೆಯಲ್ಲೇ ಆಗುತ್ತದೆ ಅಂದರು. ಆದದ್ದು ಹೀಗೆ. ಬೆಳಿಗ್ಗೆ ಬೇಯಿಸಿದ ತತ್ತಿ, ಸೋಮವಾರ ತತ್ತಿ ಮುಟ್ಟುವುದಿಲ್ಲವಾದ್ದರಿಂದ ಅವತ್ತು ಹೆಸರುಕಾಳು. ಮಧ್ಯಾಹ್ನ ರೊಟ್ಟಿಗಿಂತ ಮೊದಲು ಮಡಿಕೆ ಪಲ್ಯದ ಬಟ್ಟಲು ಖಾಲಿ ಮಾಡುವುದು. ಈ ಕ್ರಮ ಮುಖ್ಯ, ಮೊದಲು ಕಾಳು ಹೊಟ್ಟೆಗೆ ಹೋದರೆ ಮೂರನೆಯ ರೊಟ್ಟಿಯ ಆಸೆ ತಾನೇ ಸಾಯುತ್ತದೆ. ಸಂಜೆ ಭಜಿಯ ಹೊತ್ತಿಗೆ ಕಿಸೆಯಲ್ಲಿ ಒಂದು ಮುಷ್ಟಿ ಪುಟಾಣಿ, ಅಂದರೆ ಹುರಿಗಡಲೆ. ರಾತ್ರಿ ಹುರುಳಿ ಕಟ್ಟಿನ ಸಾರು, ಕೆನೆ ತೆಗೆದ ಮೊಸರು, ವಾರಕ್ಕೆ ಎರಡು ಸಲ ಹಿನ್ನೀರಿನ ಮೀನು. ಶೇಂಗಾ ಹಿಂಡಿಯನ್ನು ಬಿಡಲಿಲ್ಲ, ಬಿಟ್ಟರೆ ಇಳಕಲ್ಲಿನಲ್ಲಿ ಊಟಕ್ಕೆ ಕೂತು ಪ್ರಯೋಜನವಿಲ್ಲ. ಒಂದೇ ಚಮಚ, ಎಣ್ಣೆ ಇಲ್ಲ, ಮೊಸರಿನ ಜೊತೆ. ಖಾನಾವಳಿಯ ಅವ್ವ ಮೊದಲ ದಿನ, ಯಾಕಪ್ಪಾ, ಅಂಗಡಿ ಮುಚ್ಚಿದಿ ಏನು ಎಂದು ಕೇಳಿದಳು. ಎರಡನೆಯ ವಾರದಿಂದ ನಾನು ಕೂರುವ ಮೊದಲೇ ಕಾಳಿನ ಬಟ್ಟಲು ಇಡತೊಡಗಿದಳು.

ಗಾಡಿಯನ್ನು ಸಂತೆಯಿಂದ ದೂರ ನಿಲ್ಲಿಸಿ ನಡೆದೆ. ಪಟ್ಟದಕಲ್ಲಿನ ಕಡೆ ಮಂದಿ ಬಿಟ್ಟಿದ್ದ ಕುರಿ ನೋಡಲು ಹೋದಾಗ ಮಲಪ್ರಭೆಯ ದಂಡೆಗುಂಟ ಹಿಂಡಿನ ಹಿಂದೆಯೇ ಹೋದೆ. ಮೊದಲ ದಿನ ಎರಡು ಕಡೆ ಕೂತೆ. ತಿಂಗಳ ಕಡೆಗೆ ಟಗರು ನಿಂತಲ್ಲಿ ಮಾತ್ರ ನಿಂತೆ.

ಎರಡನೆಯ ಸ್ಕ್ಯಾನಿನ ಹಿಂದಿನ ದಿನ ಶಿರೂರಿಗೆ ಹೋಗಿದ್ದೆ. ಅಕ್ಕ ಇನ್ನಷ್ಟು ಇಳಿದಿದ್ದಳು, ಕಣ್ಣಿನ ಅರಿಸಿನ ಕೆನ್ನೆಗೂ ಬಂದಿತ್ತು. ಹತ್ತಿರ ಕರೆದು, ತಿರುಗಿ ಕೂಡು ಅಂದಳು. ಅಂಗಿಯ ಮೇಲೆ ನನ್ನ ಸೊಂಟಕ್ಕೆ ಅಂಗೈ ಇಟ್ಟು ನಾಲ್ಕು ಬೆರಳು ಒತ್ತಿದಳು. ಕುರುಬರ ಮಗಳ ಕೈ. ಎಡಕ್ಕೆ ಒತ್ತಿದಳು, ಬಲಕ್ಕೆ ಒತ್ತಿದಳು. ನಾನು ಸಂತೆಯ ಕುರಿಯ ಹಾಗೆ ಅಲ್ಲಾಡದೆ ಕೂತಿದ್ದೆ, ಅದರ ಎದೆ ಹೀಗೆ ಹೊಡೆದುಕೊಳ್ಳುತ್ತದೆಯೇ ಎಂದು ಮೊದಲ ಸಲ ಯೋಚಿಸುತ್ತ.

"ಚರ್ಬಿ ಹೋಗೈತಿ," ಅಂದಳು. "ಖಂಡ ನಿಂತೈತಿ." ಕೈ ತೆಗೆದು, "ನಾ ಸೋತೆ ನೋಡು," ಅಂದಳು.

ಮರುದಿನ ಸ್ಕ್ಯಾನ್ ಮಾಡಿದವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಮೊದಲು ಬೆಳ್ಳಗೆ ಹೊಳೆದಿದ್ದ ಜಾಗದಲ್ಲಿ ಬೂದಿ ಬಣ್ಣ, ಕುರಿಯ ಒಳ್ಳೆಯ ಕಲೀಜಿಯ ಹಾಗೆ ಎಲ್ಲಾ ಕಡೆ ಒಂದೇ ಸಮ. ಮಡಿಕೆ ಕಾಳು, ತತ್ತಿ, ಎರಡು ರೊಟ್ಟಿ, ನಡಿಗೆ. ಇಷ್ಟೇ ಹೋಗಿದ್ದು ಒಳಗೆ. ಯಾರೂ ಕೈ ಹಾಕಿ ತೊಳೆಯಲಿಲ್ಲ, ಔಷಧಿ ಕೊಡಲಿಲ್ಲ. ಮನುಷ್ಯನ ಮೈ ತನ್ನ ಒಳಗಿನ ಕಸವನ್ನು ತಾನೇ ಉರಿಸಿ, ಬೇಕಾದದ್ದನ್ನು ಉಳಿಸಿಕೊಂಡಿತ್ತು. ಡಾಕ್ಟರು ಆಗಬಹುದು ಅಂದರು. ಮೇಡಂ ನನ್ನ ಹಳೆಯ ಚೀಟಿಯ ಮೂಲೆಯಲ್ಲಿ ಮೂರು ರೊಟ್ಟಿ ಎಂದು ಬರೆದು ಕೊಟ್ಟರು.

ಆಪರೇಷನ್ ದೂರದ ಊರಿನ ದೊಡ್ಡ ದವಾಖಾನೆಯಲ್ಲಿ ಆಯಿತು. ಅದರ ಕಥೆ ಹೇಳಲು ನನಗೆ ಗೊತ್ತಿಲ್ಲ, ಇಬ್ಬರೂ ನಿದ್ದೆಯಲ್ಲಿದ್ದೆವು. ಎದ್ದಾಗ ಪಕ್ಕೆಯಲ್ಲಿ ಬೆಂಕಿ ಇತ್ತು. ಎಂಟು ದಿನದ ಮೇಲೆ ಗೋಡೆ ಹಿಡಿದು ನಡೆದು ಅವಳ ಕೋಣೆಯ ಗಾಜಿನ ಹೊರಗೆ ನಿಂತೆ. ಅವಳ ಕಣ್ಣು ಬಿಳಿಯಾಗಿದ್ದವು. ಎಷ್ಟೋ ದಿನದಿಂದ ನೋಡದ ಬಿಳಿ.

ಈಗ ಎಂಟು ತಿಂಗಳಾಯಿತು. ನನ್ನ ಕೈ ಮತ್ತೆ ಕುರಿಯ ಬೆನ್ನಿನ ಮೇಲಿದೆ. ಕುರಿ ಎತ್ತುವುದು ಇನ್ನೂ ಬೇಡ ಅಂದಿದ್ದಾರೆ, ಎತ್ತುವವರಿಗೆ ಹೇಗೆ ಎತ್ತಬೇಕೆಂದು ಹೇಳಿಕೊಡುತ್ತೇನೆ. ಹೋದ ವಾರ ನನ್ನ ಲಿವರಿನ ಅಳತೆ ತೆಗೆದರು. ಫಲಿತಾಂಶ ಹಿಡಿದು ಶಿರೂರಿಗೆ ಹೋದೆ. ಅಕ್ಕ ಒಲೆಯ ಮುಂದೆ ಮಡಿಕೆ ಕಾಳು ಬೇಯಿಸುತ್ತಿದ್ದಳು. ಅವಳಿಗೆ ಹಸಿ ಮೊಳಕೆ ಕೂಡದು, ಚೆನ್ನಾಗಿ ಬೆಂದದ್ದೇ ಆಗಬೇಕು, ಆದರೆ ಕಾಳು ತಪ್ಪಿಸುವಂತಿಲ್ಲ. ಅದೂ ಮೇಡಮ್ಮರ ಚೀಟಿ. ಕಾಲು ಸಣ್ಣಗಾಗಿದ್ದವು, ಹಳೆಯ ಚಪ್ಪಲಿ ಮತ್ತೆ ಕಾಲಿಗೆ ಹಿಡಿಸುತ್ತಿದ್ದವು.

ಏನಂದರು ಎಂದು ಕೇಳಲಿಲ್ಲ. ಒದ್ದೆ ಕೈಯನ್ನು ಒರೆಸಿಕೊಂಡು, ಸೆರಗಿನ ತುದಿ ಎಳೆದು ಮುಂದೆ ಹಿಡಿದಳು. ನಾನು ಅದರ ಕೆಳಗೆ ಕೈ ಇಟ್ಟೆ. ಒಂದೊಂದಾಗಿ ಎಣಿಸಿದಳು. ನಾಲ್ಕು ಬೆರಳು ನೆಟ್ಟಗಿದ್ದವು. ಹೆಬ್ಬೆರಳ ಹತ್ತಿರ ಬಂದು ನಿಂತಳು.

"ಇದನ್ಯಾಕ ಅರ್ಧಾ ಮಡಚೀದಿ?"

"ಅದು ಇನ್ನೂ ಬೆಳ್ಯಾಕ ಹತ್ತೈತಿ ಬೇ."

ಬಾಯಿಯಲ್ಲಿ ಹೇಳುವುದಾಗಿದ್ದರೆ ಐದೂ ಬಂತು ಎಂದು ಹೇಳಿ ಎದ್ದುಬಿಡುತ್ತಿದ್ದೆ. ಅವಳು ಆ ಅರ್ಧ ಬೆರಳನ್ನು ಹಿಡಿದುಕೊಂಡೇ ಕೂತಳು. ಒಲೆಯ ಮೇಲೆ ಕಾಳು ಕುದಿಯುತ್ತಿತ್ತು. ಇನ್ನೊಂದು ಕೈಯಿಂದ ಗೂಟಕ್ಕೆ ನೇತುಹಾಕಿದ್ದ ಮೊಳಕೆಯ ಗಂಟನ್ನು ತೋರಿಸಿ, ಹೋಗುವಾಗ ಅದನ್ನು ಒಯ್ಯಿ ಅಂದಳು.